ಪತ್ರಾಗಾರಗಳು ಜನರ ಬಳಿಗೆ ಹೋಗಲಿ

2015ರಲ್ಲಿ ಅಸ್ಸಾಮಿನಲ್ಲಿ, ನಮ್ಮ ದೇಶದ ಮಟ್ಟಿಗೆ ಅಪೂರ್ವವೆನ್ನಬಹುದಾದ ಒಂದು ಕಾರ್ಯ ನಡೆಯಿತು. 1951ರ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯನ್ನೂ 1971ರ ಮಾರ್ಚ್ 24ರ ಮಧ್ಯರಾತ್ರಿಯವರೆಗಿನ ಮತದಾರರ ಪಟ್ಟಿಗಳನ್ನೂ ಸರಕಾರಿ ಕಪಾಟುಗಳಿಂದ ಹೊರತೆಗೆದು, ಗಣಕಕ್ಕೇರಿಸಿ, ಜನರ ಮುಂದೆ ಇಡಲಾಯಿತು. ರಾಜ್ಯದ ಉದ್ದಗಲಕ್ಕೂ ಸುಮಾರು 2,500 ಸೇವಾ ಕೇಂದ್ರಗಳು ತೆರೆದವು. ಅಕ್ಷರ ಬಾರದ ಮುದುಕಿಯೂ ಅಲ್ಲಿಗೆ ಹೋಗಿ ತನ್ನ ತಂದೆಯ ಹೆಸರನ್ನು ಹುಡುಕಿಸಬಹುದಿತ್ತು. ಹೆಸರು ಸಿಕ್ಕಿದರೆ ಅದಕ್ಕೊಂದು ಸಂಕೇತ ಸಂಖ್ಯೆಯನ್ನೂ ಕೊಡಲಾಗುತ್ತಿತ್ತು. ಸಂಶೋಧಕರ ಹೊರತು ಯಾರೂ ಮುಟ್ಟದಿದ್ದ ಹಳೆಯ ಕಾಗದಗಳು ಒಂದೇ ವರ್ಷದಲ್ಲಿ ಹಳ್ಳಿಹಳ್ಳಿಯ ಮಾತಾದವು.

ಇದನ್ನು ಚರಿತ್ರೆಯ ಮೇಲಿನ ಪ್ರೀತಿಯಿಂದ ಮಾಡಲಾಯಿತು ಎಂದು ಯಾರೂ ಭ್ರಮಿಸಬೇಕಿಲ್ಲ. ಸುಮಾರು 3.3 ಕೋಟಿ ಜನರು ತಾವು ಈ ನೆಲದವರೆಂದು ಸಾಬೀತುಪಡಿಸಲು ಅರ್ಜಿ ಸಲ್ಲಿಸಿ ಸರದಿಯಲ್ಲಿ ನಿಂತರು. 2019ರ ಆಗಸ್ಟ್ 31ರಂದು ಪ್ರಕಟವಾದ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳ ಸಂಕಟವಂತೂ ಹೇಳತೀರದು. ತಂದೆಯ ಹೆಸರು ಹಳೆಯ ಪಟ್ಟಿಯಲ್ಲಿ ಸಿಕ್ಕಿದರೂ, ಆ ತಂದೆಗೆ ತಾನು ಮಗಳೆಂದು ತೋರಿಸುವ ಕಾಗದ ಅವರ ಬಳಿ ಇರಲಿಲ್ಲ. ಅವರು ನೆಚ್ಚಿಕೊಂಡಿದ್ದ ಪಂಚಾಯತಿನ ಪ್ರಮಾಣ ಪತ್ರವನ್ನು 2017ರ ಫೆಬ್ರವರಿಯಲ್ಲಿ ಗುವಾಹಟಿ ಹೈಕೋರ್ಟ್ ತಳ್ಳಿಹಾಕಿತು. ಅದೇ ವರ್ಷ ಡಿಸೆಂಬರಿನಲ್ಲಿ, ಸೂಕ್ತ ಪರಿಶೀಲನೆಗೆ ಒಳಪಡಿಸಿ ಅದನ್ನು ಪರಿಗಣಿಸಬಹುದೆಂದು ಸುಪ್ರೀಮ್ ಕೋರ್ಟ್ ತೀರ್ಪಿತ್ತಿತು. ಆ ಒಂಬತ್ತು ತಿಂಗಳು ಆ ಹೆಣ್ಣುಮಕ್ಕಳು ಹೇಗೆ ನಿದ್ರಿಸಿದರೆಂದು ಯಾವ ಕಡತದಲ್ಲಿಯೂ ದಾಖಲಾಗಿಲ್ಲ.

ಅಸ್ಸಾಮಿನ ಪೌರತ್ವ ಪಟ್ಟಿಯ ನ್ಯಾಯಾನ್ಯಾಯಗಳ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ನಮ್ಮ ಪ್ರಶ್ನೆ ಬೇರೆಯದು. ಹಳೆಯ ದಾಖಲೆಗಳನ್ನು ಸಾಮಾನ್ಯ ಜನರಿಗೆ ತಲುಪಿಸಲು ಹಣವಿಲ್ಲ, ಸಿಬ್ಬಂದಿಯಿಲ್ಲ, ಜನರಿಗೆ ಆಸಕ್ತಿಯೂ ಇಲ್ಲ ಎಂದು ದಶಕಗಳಿಂದ ಹೇಳುತ್ತ ಬಂದ ಆಡಳಿತ ಯಂತ್ರವು, ಪ್ರಜೆಯನ್ನು ಪರೀಕ್ಷಿಸಬೇಕಾಗಿ ಬಂದಾಗ ಆ ಕೆಲಸವನ್ನು ಮಾಡಿ ತೋರಿಸಿತು. ಹಾಗಾದರೆ ಪ್ರಜೆಯ ಹಕ್ಕಿಗಾಗಿ, ಆತನ ಅರಿವಿಗಾಗಿ ಅದೇ ಕೆಲಸ ಏಕೆ ಸಾಧ್ಯವಿಲ್ಲ? ನಮ್ಮಲ್ಲಿ ದಾಖಲೆಯು ಜನರಿಗೆ ಕಾಣಸಿಗುವುದು ಅದನ್ನು ತೋರಿಸದಿದ್ದರೆ ಏನನ್ನೋ ಕಳೆದುಕೊಳ್ಳುತ್ತೀರಿ ಎಂಬ ಬೆದರಿಕೆ ಬಂದ ಮೇಲೆಯೇ. 2025ರ ಜೂನ್‌ನಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಘೋಷಣೆಯಾದಾಗಲೂ ಜನರು 2003ರ ಪಟ್ಟಿಯನ್ನು ಹುಡುಕಲು ಓಡಿದರು. ಅದೇ ತಿಂಗಳು ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಕೇಂದ್ರದ ಜಾಲತಾಣಕ್ಕೆ ಏರಿಸಬೇಕೆಂದಾದಾಗ, 1954ರ ಕಾಯ್ದೆಯಡಿ ನಡೆದ ಸರ್ವೆಯ ಗೆಜೆಟ್ ಪ್ರತಿ ಎಲ್ಲಿ ಸಿಗುತ್ತದೆಂದು ಮಸೀದಿ ಸಮಿತಿಗಳು ಪರಸ್ಪರ ಕೇಳತೊಡಗಿದವು. ಗಡುವು ಎದುರಿಗಿರುವಾಗ ದಾಖಲೆ ಹುಡುಕುವವನು ದಲ್ಲಾಳಿಗೆ ಸುಲಭದ ತುತ್ತು.

ಪತ್ರಾಗಾರ ಎಂಬ ಪದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಕನ್ನಡಕ ಧರಿಸಿದ ಒಬ್ಬ ಪ್ರಾಧ್ಯಾಪಕ, ಆತನ ಮುಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳ ರಾಶಿ. ಪತ್ರಾಗಾರಗಳ ಕಲ್ಪನೆಯೂ ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ. 1891ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷರು ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟನ್ನು ಸ್ಥಾಪಿಸಿದ್ದು ಆಳುವವರ ಅನುಕೂಲಕ್ಕೆ, ಆಳಿಸಿಕೊಳ್ಳುವವರ ಉಪಯೋಗಕ್ಕಲ್ಲ. ಅದೇ ಮುಂದೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವಾಯಿತು. ಹೆಸರು ಬದಲಾಯಿತು, ಧ್ವಜ ಬದಲಾಯಿತು. ಬಂದವರನ್ನು ಅನುಮಾನದಿಂದ ನೋಡುವ ದೃಷ್ಟಿ ಮಾತ್ರ ಅನೇಕ ಕಚೇರಿಗಳಲ್ಲಿ ಉಳಿದುಕೊಂಡಿತು. ಯಾವ ವಿಶ್ವವಿದ್ಯಾನಿಲಯದವರು, ಯಾರ ಶಿಫಾರಸು ಪತ್ರ ತಂದಿದ್ದೀರಿ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕೃಷಿಕ, ಬೀಡಿ ಕಟ್ಟುವ ಮಹಿಳೆ, ನಿವೃತ್ತ ಶಾಲಾ ಶಿಕ್ಷಕ ಆ ಮೆಟ್ಟಿಲನ್ನು ಹತ್ತುವುದಾದರೂ ಹೇಗೆ?

ಆದರೆ ಪತ್ರಾಗಾರದ ಅತಿ ದೊಡ್ಡ ಬಳಕೆದಾರರು ಇವರೇ ಆಗಬೇಕಿತ್ತು. ಒಂದು ಉದಾಹರಣೆಯನ್ನು ನೋಡೋಣ. 1974ರ ಮಾರ್ಚ್ 1ರಂದು ಕರ್ನಾಟಕದ ಭೂ ಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಭೂ ನ್ಯಾಯಮಂಡಳಿಗಳು ಅವರ ಹೇಳಿಕೆಗಳನ್ನು ಬರೆದುಕೊಂಡವು. ಯಾವ ಧಣಿಗೆ ಎಷ್ಟು ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದರು, ಎಂದಿನಿಂದ ಆ ಗದ್ದೆಯನ್ನು ಉಳುತ್ತಿದ್ದರು, ಒಡೆಯರು ಒಕ್ಕಲೆಬ್ಬಿಸಲು ಏನು ಮಾಡಿದರು ಎಂಬುದೆಲ್ಲ ಆ ಕಡತಗಳ ವಿಷಯ. ಕರಾವಳಿಯ ಬಿಲ್ಲವರು, ಬ್ಯಾರಿಗಳು, ಕ್ರೈಸ್ತರು, ಮಲೆನಾಡಿನ ದೀವರು—ತಮ್ಮದೆಂದು ಹೇಳಿಕೊಳ್ಳಲು ಅಂಗೈಯಗಲ ನೆಲವಿಲ್ಲದ ಸಾವಿರಾರು ಕುಟುಂಬಗಳು ಮೊದಲ ಬಾರಿಗೆ ಸರಕಾರದ ಕಾಗದದಲ್ಲಿ ತಮ್ಮ ಹೆಸರಿನಿಂದ ಮಾತನಾಡಿದ್ದು ಅಲ್ಲಿ. ಇಂದು ಆ ಭೂಮಿ ಮೊಮ್ಮಕ್ಕಳ ಪಾಲಿಗೆ ಬಂದಿದೆ. ಪಾಲುಪಟ್ಟಿಗೆ, ಬ್ಯಾಂಕ್ ಸಾಲಕ್ಕೆ, ಗಡಿ ತಕರಾರಿಗೆ ನ್ಯಾಯಮಂಡಳಿಯ ಆದೇಶದ ನಕಲು ಬೇಕಾಗುತ್ತದೆ. ಅವರು ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಕಡತ ಸಿಗುತ್ತಿಲ್ಲ ಎಂಬ ಉತ್ತರ ಪಡೆಯುತ್ತಾರೆ. ತಾವು ನಿಂತಿರುವುದು ಒಂದು ಪತ್ರಾಗಾರದ ಹೊಸ್ತಿಲಲ್ಲಿ ಎಂಬುದು ಅವರಿಗೂ ಗೊತ್ತಿಲ್ಲ, ಒಳಗೆ ಕುಳಿತ ಗುಮಾಸ್ತನಿಗೂ ಗೊತ್ತಿಲ್ಲ.

ಸಂಭಾವ್ಯ ಬಳಕೆದಾರ ಎಂದರೆ ಇವನೇ. ತಾನು ಬಳಕೆದಾರನೆಂದು ಅರಿಯದವನು. ಆತನಿಗಾಗಿ ಪತ್ರಾಗಾರವು ಬಾಗಿಲು ತೆರೆದು ಕುಳಿತರೆ ಸಾಲದು. ಆತನಿರುವಲ್ಲಿಗೆ ಹೋಗಿ, ಆತನಿಗೆ ಅರ್ಥವಾಗುವ ಮಾತಿನಲ್ಲಿ, ನಿಮಗೆ ಸಂಬಂಧಿಸಿದ ಇಂಥ ಕಾಗದ ನಮ್ಮಲ್ಲಿದೆ ಎಂದು ಹೇಳಬೇಕು.

ಕನ್ನಡಿಗರ ಮಟ್ಟಿಗೆ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಷ್ಟೆ. ನಾಡು ಒಂದಾಯಿತು, ಕಾಗದಗಳು ಒಂದಾಗಲಿಲ್ಲ. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯದಲ್ಲಿತ್ತು. ಅದರ ಚರಿತ್ರೆಯನ್ನು ಹುಡುಕುವವರು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ ಮುಂಬಯಿ. ಬೀದರ್, ಕಲಬುರಗಿ, ರಾಯಚೂರಿನವರಿಗೆ ನಿಜಾಮ್ ಕಾಲದ ಮೇಲ್ಮಟ್ಟದ ಕಡತಗಳು ಬೇಕೆಂದರೆ ಹೈದರಾಬಾದು. ಬೆಂಗಳೂರಿನ ರಾಜ್ಯ ಪತ್ರಾಗಾರ ಹಾಗೂ ಮೈಸೂರು, ಧಾರವಾಡ, ಕಲಬುರಗಿಯ ವಿಭಾಗೀಯ ಕಚೇರಿಗಳು ಮಾಡಬಹುದಾದ ಅತಿ ಉಪಯುಕ್ತ ಕೆಲಸವೆಂದರೆ, ತಮ್ಮಲ್ಲಿ ಇಲ್ಲದಿರುವುದು ಎಲ್ಲಿದೆ ಎಂದು ಹೇಳುವ ಒಂದು ಕನ್ನಡ ಕೈಪಿಡಿ. ಜಿಲ್ಲೆಗೊಂದರಂತೆ ಹತ್ತಿಪ್ಪತ್ತು ಪುಟಗಳದ್ದಾದರೂ ಸಾಕು. ಪುತ್ತೂರಿನ ಒಬ್ಬ ಶಿಕ್ಷಕ ತನ್ನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಮೂಲ ದಾಖಲೆ ಹುಡುಕುತ್ತ ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಮರಳುವುದು ತಪ್ಪುತ್ತದೆ.

ಹೈದರಾಬಾದಿನ ಮಾತು ಬಂದಾಗ ಭಾಷೆಯ ಮಾತನ್ನೂ ಆಡಬೇಕಾಗುತ್ತದೆ. ನಿಜಾಮರ ಆಡಳಿತ ಭಾಷೆ 1880ರ ದಶಕದವರೆಗೆ ಪಾರ್ಸಿ, ಅನಂತರ ಉರ್ದು. ಉರ್ದು ಎಂದೊಡನೆ ಅದು ಮುಸ್ಲಿಮರ ವಿಷಯ ಎಂದು ಬದಿಗೆ ಸರಿಸುವ ಒಂದು ರೂಢಿ ನಮ್ಮ ಕಚೇರಿಗಳಲ್ಲೂ ವಿದ್ಯಾವಂತರಲ್ಲೂ ಬೆಳೆದಿದೆ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಆಳಂದದ ಲಿಂಗಾಯತ ರೈತನ ಮುತ್ತಜ್ಜನ ಹೊಲದ ಕಾಗದ ಉರ್ದುವಿನಲ್ಲಿರುತ್ತದೆ. ಧಾರವಾಡ ಸೀಮೆಯ ಮುಸ್ಲಿಮ್ ಇನಾಮುದಾರನ ಹಳೆಯ ಸನದು ಮರಾಠಿಯ ಮೋಡಿ ಲಿಪಿಯಲ್ಲಿರಬಹುದು. ಆಡಳಿತದ ಲಿಪಿಗೂ ಮನೆಯ ಧರ್ಮಕ್ಕೂ ನಂಟಿರಲಿಲ್ಲ. ಇಂದು ನಾವು ನಿತ್ಯ ಬಳಸುವ ತಹಶೀಲ್ದಾರ, ಶಿರಸ್ತೇದಾರ, ಜಮಾಬಂದಿ, ದಫ್ತರ, ಜಿಲ್ಲೆ, ತಾಲೂಕು ಎಂಬ ಪದಗಳಿಗೇ ಆ ಭಾಷೆಗಳ ಋಣವಿದೆ. ಮೋಡಿಯನ್ನು ಓದಬಲ್ಲವರು ವಿರಳ. ಉರ್ದುವಿನ ಹಳೆಯ ಕಚೇರಿ ಬರಹ, ಶಿಕಸ್ತ ಶೈಲಿಯ ಬೀಸುಬರಹ, ಉರ್ದು ಮಾಧ್ಯಮದಲ್ಲಿ ಕಲಿತವರಿಗೂ ಕಷ್ಟವೇ. ನಮ್ಮ ಮದ್ರಸಾಗಳಲ್ಲಿ ಪಾರ್ಸಿ-ಉರ್ದು ಕಲಿತ ನೂರಾರು ಯುವಕರು ಉದ್ಯೋಗವಿಲ್ಲದೆ ಕುಳಿತಿದ್ದಾರೆ. ಅವರಿಗೆ ಆರು ತಿಂಗಳು ಕಂದಾಯ ಬರಹದ ತರಬೇತಿಯನ್ನಿತ್ತು ಕಲಬುರಗಿಯ ಕಚೇರಿಯಲ್ಲಿ ಕೂರಿಸಿದರೆ, ಲಿಂಗಾಯತ ರೈತನಿಗೂ ಆತನ ದಾಖಲೆ ಓದಿಸಿಕೊಳ್ಳಲು ಒಬ್ಬ ಜೊತೆಗಾರ ಸಿಗುತ್ತಾನೆ. ಭಾವೈಕ್ಯದ ಬಗ್ಗೆ ಮಾಡುವ ಭಾಷಣಗಳಿಗಿಂತ ಇದು ಹೆಚ್ಚು ಕೆಲಸ ಮಾಡೀತು.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದರೆ ಸಮಸ್ಯೆ ಪರಿಹಾರವಾಗದೇ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ ಅಭಿಲೇಖ್ ಪಟಲ್ ಎಂಬ ಜಾಲತಾಣವನ್ನು ತೆರೆದು ಲಕ್ಷಾಂತರ ಪುಟಗಳನ್ನು ಮನೆಯಲ್ಲೇ ಕುಳಿತು ಓದುವಂತೆ ಮಾಡಿರುವುದು ಖಂಡಿತ ಸ್ವಾಗತಾರ್ಹ. ದೆಹಲಿಗೆ ಹೋಗಿ ವಾರಗಟ್ಟಲೆ ತಂಗುವ ಶಕ್ತಿಯಿಲ್ಲದ ವಿದ್ಯಾರ್ಥಿಗೆ ಅದೊಂದು ವರ. ಆದರೆ ಹುಡುಕಲು ಬೇಕಾದ ಪದ ಯಾವುದು? ಕಡತಗಳ ಶೀರ್ಷಿಕೆಗಳು ಬಹುತೇಕ ಇಂಗ್ಲಿಷಿನಲ್ಲಿ, ಅದೂ ನೂರು ವರ್ಷಗಳ ಹಿಂದಿನ ಗುಮಾಸ್ತನೊಬ್ಬ ತನ್ನ ಸಾಹೇಬನಿಗಾಗಿ ಬರೆದ ಇಂಗ್ಲಿಷಿನಲ್ಲಿ ಇವೆ. ಮಾಪಿಳ್ಳೆಯವರ ಬಗ್ಗೆ ತಿಳಿಯಬಯಸುವವನು ಬ್ರಿಟಿಷರು ಬರೆದಂತೆ ಮೋಪ್ಲಾ ಎಂದು ಹುಡುಕಬೇಕು. 2014ರ ನವೆಂಬರ್ 1ರ ನಂತರ ಹುಟ್ಟಿದ ಮಗುವಿಗೆ ತನ್ನ ಊರು ಕಲಬುರಗಿ. ಕಡತಕ್ಕೆ ಅದು ಗುಲ್ಬರ್ಗ. ವಿಜಯಪುರವು ಬಿಜಾಪುರ, ಬೆಳಗಾವಿಯು ಬೆಲ್ಗಾಮ್. ಸಣ್ಣ ಹಳ್ಳಿಗಳ ಹೆಸರುಗಳನ್ನಂತೂ ಒಬ್ಬೊಬ್ಬ ಅಧಿಕಾರಿ ಒಂದೊಂದು ವಿಧವಾಗಿ ಬರೆದಿಟ್ಟಿದ್ದಾನೆ. ಸರಿಯಾದ ಅಕ್ಷರಗಳನ್ನು ಒತ್ತದವನಿಗೆ ಯಂತ್ರವು ಏನೂ ಇಲ್ಲ ಎನ್ನುತ್ತದೆ. ತನ್ನವರ ಬಗ್ಗೆ ದಾಖಲೆಯೇ ಇಲ್ಲ ಎಂದು ನಂಬಿ ಆತ ಎದ್ದು ಹೋಗುತ್ತಾನೆ. ಹಳೆಯ ಹೆಸರು, ಹೊಸ ಹೆಸರು, ಕನ್ನಡ ರೂಪ, ಇಂಗ್ಲಿಷ್ ರೂಪಗಳನ್ನು ಜೋಡಿಸುವ ಒಂದು ಊರ ಪಟ್ಟಿಯನ್ನು ಯಾವುದೇ ಕಾಲೇಜಿನ ಇತಿಹಾಸ ವಿಭಾಗ ಒಂದು ವರ್ಷದಲ್ಲಿ ಸಿದ್ಧಪಡಿಸಬಹುದು. ಅದಿಲ್ಲದೆ ಸ್ಕ್ಯಾನ್ ಮಾಡಿದ ಕೋಟಿ ಪುಟವೂ ಬೀಗ ಹಾಕಿದ ಕಪಾಟೇ.

ಜನರಿಗೆ ಆಸಕ್ತಿಯಿಲ್ಲ ಎಂಬ ವಾದ ಎಷ್ಟು ಟೊಳ್ಳೆಂಬುದಕ್ಕೆ ಹೊರದೇಶಗಳ ಎರಡು ಪ್ರಸಂಗಗಳು ಸಾಕು. 2002ರ ಜನವರಿಯಲ್ಲಿ ಬ್ರಿಟನ್ನಿನ ದಾಖಲೆ ಕಚೇರಿಯು 1901ರ ಜನಗಣತಿಯ ಮನೆಮನೆ ವಿವರಗಳನ್ನು ಅಂತರ್ಜಾಲದಲ್ಲಿ ತೆರೆಯಿತು. ಅಜ್ಜ ಅಜ್ಜಿಯರ ಹೆಸರನ್ನು ಹುಡುಕಲು ಜನ ಮುಗಿಬಿದ್ದ ರಭಸಕ್ಕೆ ಜಾಲತಾಣ ಕುಸಿದುಬಿತ್ತು. ಅದನ್ನು ತಿಂಗಳುಗಟ್ಟಲೆ ಮುಚ್ಚಿಡಬೇಕಾಯಿತು. 2018ರ ಫೆಬ್ರವರಿಯಲ್ಲಿ ತುರ್ಕಿಯ ಸರಕಾರವು ಒಟ್ಟೊಮನ್ ಕಾಲದವರೆಗೂ ಹಿಂದೆ ಸಾಗುವ ವಂಶಾವಳಿಯನ್ನು ನಾಗರಿಕರಿಗೆ ನೋಡಲು ಕೊಟ್ಟಾಗಲೂ ಇದೇ ಕಥೆ. ಇನ್ನು ಅಮೆರಿಕದಲ್ಲಿ 2012ರ ಏಪ್ರಿಲ್ 2ರಂದು 1940ರ ಜನಗಣತಿ ತೆರೆದಾಗ, ಅದರಲ್ಲಿದ್ದ 13 ಕೋಟಿಗೂ ಮಿಕ್ಕ ಹೆಸರುಗಳ ಸೂಚಿಯನ್ನು ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಸಿದ್ಧಪಡಿಸಿಕೊಟ್ಟರು. ಅವರಲ್ಲಿ ಬಹುತೇಕರು ಇತಿಹಾಸಕಾರರಲ್ಲ. ತಮ್ಮ ಮನೆಯ ಹೆಸರು ಅದರಲ್ಲಿದೆ ಎಂಬುದು ಗೊತ್ತಿದ್ದವರು, ಅಷ್ಟೇ.

ನಮ್ಮಲ್ಲಿ ಆ ಮಾರ್ಗವಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ವೈಯಕ್ತಿಕ ವಿವರಗಳನ್ನು ಯಾರೂ ಪರಿಶೀಲಿಸುವಂತಿಲ್ಲ. ಆದ್ದರಿಂದ ಹೆಸರಿರುವ ಬೇರೆ ಕಾಗದಗಳಿಗೆ ನಮ್ಮಲ್ಲಿ ಮಹತ್ವ ಹೆಚ್ಚು. ಹಳೆಯ ಮತದಾರರ ಪಟ್ಟಿ, ಶಾಲಾ ದಾಖಲಾತಿ ಪುಸ್ತಕ, ಜನನ-ಮರಣ ನೋಂದಣಿ, ಸೆಟ್ಲ್‌ಮೆಂಟ್ ರಿಜಿಸ್ಟರು, ಮೇಲೆ ಹೇಳಿದ ನಮೂನೆ 7. ಪತ್ರಾಗಾರವು ಜನರ ಬಳಿಗೆ ಹೋಗಬೇಕಾದುದು ಇವುಗಳನ್ನು ಹಿಡಿದುಕೊಂಡು. ವೈಸರಾಯರ ಪತ್ರಗಳ ಪ್ರದರ್ಶನವನ್ನು ಏರ್ಪಡಿಸಿ, ರಿಬ್ಬನ್ ಕತ್ತರಿಸಿ, ಪತ್ರಿಕೆಗಳಲ್ಲಿ ಭಾವಚಿತ್ರ ಬಂದರೆ ಜನಸಂಪರ್ಕ ಮುಗಿಯಿತು ಎಂದು ತಿಳಿಯುವವರಿಗೆ ಇದು ಅರ್ಥವಾಗಲಾರದು.

ದಾಖಲೆಯನ್ನು ಜನರ ಮಧ್ಯೆ ಇಡುವುದು ಈ ನಾಡಿಗೆ ಹೊಸತಲ್ಲ. ನಮ್ಮ ಪೂರ್ವಿಕರು ಶಾಸನವನ್ನು ಕಲ್ಲಿನಲ್ಲಿ ಕೊರೆಸಿ ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ದೇಗುಲದ ಅಂಗಳದಲ್ಲಿ ನಿಲ್ಲಿಸಿದರು. ದತ್ತಿ ಕೊಟ್ಟವರು ಯಾರು, ಯಾವ ಗದ್ದೆಯ ಗಡಿ ಎಲ್ಲಿಗೆ ಎಂಬುದನ್ನು ಹಾದು ಹೋಗುವವರ ಕಣ್ಣೆದುರೇ, ಬಹುಪಾಲು ಊರಿನ ಭಾಷೆಯಾದ ಕನ್ನಡದಲ್ಲೇ ನಿಲ್ಲಿಸಿದರು. ಕರ್ನಲ್ ಮೆಕೆಂಜಿ ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ಸರ್ವೆಗೆ ಬಂದಾಗ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರನ್ನು ಊರೂರಿಗೆ ಕಳುಹಿಸಿ, ಶಾನುಭೋಗರಿಂದಲೂ ಹಿರಿಯರಿಂದಲೂ ಕೈಫಿಯತ್ತುಗಳನ್ನು ಬರೆಸಿಕೊಂಡನು. ಹಳ್ಳಿಯಿಂದ ಹೋದ ಆ ಕಾಗದಗಳಲ್ಲಿ ಬಹಳಷ್ಟು ಮದ್ರಾಸು ಸೇರಿದವು, ಕೆಲವು ಕಡಲು ದಾಟಿದವು. ಹಳ್ಳಿಗೆ ಅವು ಮರಳಲು ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲ ಬೇಕಾಯಿತು. ಡಾ. ಎಂ. ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದ ಮೇಲೆ, ಒಂದು ಸಾಮಾನ್ಯ ಗ್ರಂಥಾಲಯದ ಓದುಗನೂ ತನ್ನ ಊರಿನ ಹೆಸರನ್ನು ಅದರಲ್ಲಿ ಹುಡುಕುವಂತಾಯಿತು. ಆದಿಲ್‌ಶಾಹಿ ಕಾಲದ ಪಾರ್ಸಿ ಮತ್ತು ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಅವರು ಕೈಹಾಕಿದರು. 2015ರ ಆಗಸ್ಟ್ 30ರಂದು ಅವರನ್ನು ಅವರ ಮನೆಯ ಬಾಗಿಲಲ್ಲೇ ಕೊಲ್ಲಲಾಯಿತು. ದಾಖಲೆಯನ್ನು ಜನರ ಭಾಷೆಗೆ ತರುವವರು ಎಲ್ಲರಿಗೂ ಪ್ರಿಯರಾಗಿರುವುದಿಲ್ಲ.

ಬೀಗ ಹಾಕಿದ ಕಟ್ಟೊಂದನ್ನು ಬಿಚ್ಚಿದರೆ ಏನಾಗಬಹುದು ಎಂಬುದಕ್ಕೆ ಶೃಂಗೇರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1791ರಲ್ಲಿ ಮರಾಠಾ ಸೈನ್ಯದ ಜೊತೆಗಿದ್ದ ಲೂಟಿಕೋರರು ಶೃಂಗೇರಿ ಮಠವನ್ನು ದೋಚಿದ ನಂತರ, ಅದರ ಪುನರುದ್ಧಾರಕ್ಕೆ ನೆರವಾಗಿ ಟಿಪ್ಪು ಸುಲ್ತಾನರು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿ ಸುರಕ್ಷಿತವಾಗಿದ್ದವು. ಶತಮಾನಕ್ಕೂ ಹೆಚ್ಚು ಕಾಲ ಹೊರಜಗತ್ತಿಗೆ ಅವು ಗೊತ್ತಿರಲಿಲ್ಲ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ನರಸಿಂಹಾಚಾರ್ಯರು ಯಾವ ಪಕ್ಷದವರೂ ಅಲ್ಲ, ಯಾರ ಓಲೈಕೆಗೂ ಹೊರಟವರಲ್ಲ. ಒಂದು ಅಧಿಕಾರಿಯಾಗಿ ತಮ್ಮ ಕಚೇರಿಯನ್ನು ಬಿಟ್ಟು ಹೊರಗೆ ಹೋಗಿ ನೋಡಿದರು. ಇಂದು ಟಿಪ್ಪುವಿನ ಬಗ್ಗೆ ಯಾರು ಏನೇ ವಾದಿಸಲಿ, ಆ ಪತ್ರಗಳನ್ನು ಬದಿಗಿಟ್ಟು ವಾದಿಸಲು ಸಾಧ್ಯವಿಲ್ಲ. ಬೀದಿಯಲ್ಲಿ ಕೂಗಾಡುವವರ ಕೈಗೆ ಚರಿತ್ರೆ ಸಿಗುವುದು ಪತ್ರಾಗಾರ ಮೌನವಾಗಿರುವಾಗ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಅದನ್ನು ನಾವು ಮರೆಮಾಚಬಾರದು. ಅಸ್ಸಾಮಿನ ಅನುಭವದ ನಂತರ ದಾಖಲೆ ಎಂಬ ಪದವೇ ಬಡವರಿಗೂ ಅಲ್ಪಸಂಖ್ಯಾತರಿಗೂ ಭಯ ಹುಟ್ಟಿಸುವ ಪದವಾಗಿದೆ. ನಾಳೆ ಪತ್ರಾಗಾರದ ಅಧಿಕಾರಿಯೊಬ್ಬ ಊರಿಗೆ ಬಂದು ನಿಮ್ಮ ಹಳೆಯ ಕಾಗದಗಳನ್ನು ತನ್ನಿ, ನಮ್ಮಲ್ಲಿರುವುದನ್ನು ನೋಡಿ ಎಂದರೆ, ಜನರು ಬಾಗಿಲು ಹಾಕಿಕೊಳ್ಳುವುದಿಲ್ಲವೇ? ಖಂಡಿತ ಹಾಕಿಕೊಳ್ಳುತ್ತಾರೆ. ಅವರನ್ನು ತಪ್ಪೆನ್ನಲಾಗದು. ಆದ್ದರಿಂದ ಪತ್ರಾಗಾರವು ಮೊದಲು ಗಳಿಸಬೇಕಾದುದು ವಿಶ್ವಾಸ. ಯಾರು ಯಾವ ಹೆಸರನ್ನು ಹುಡುಕಿದರು ಎಂಬ ಪಟ್ಟಿ ಮತ್ತೊಂದು ಇಲಾಖೆಯ ಕೈಗೆ ಹೋಗದು ಎಂಬ ಲಿಖಿತ ಭರವಸೆ ಬೇಕು. ಜನರು ತಂದ ಮನೆಯ ಕಾಗದವನ್ನು ಅಲ್ಲೇ ಛಾಯಾಚಿತ್ರ ತೆಗೆದು ಮೂಲವನ್ನು ಅದೇ ಗಳಿಗೆಯಲ್ಲಿ ಮರಳಿಸಬೇಕು. ಪರಿಶೀಲನೆ, ತಪಾಸಣೆ ಎಂಬ ಪದಗಳು ಆ ಕೋಣೆಯಲ್ಲಿ ಕೇಳಿಸಲೇಬಾರದು. ಕಾಯ್ದೆಯ ಮನೋಭಾವವನ್ನೇ ನೋಡಿ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ದಾಖಲೆಯನ್ನು ಅಕ್ರಮವಾಗಿ ನಾಶಗೊಳಿಸಿದವರಿಗೆ ಐದು ವರ್ಷದವರೆಗೆ ಸೆರೆವಾಸವಿದೆ, ಒಳ್ಳೆಯದೇ. ಆದರೆ ದಾಖಲೆಯನ್ನು ಕೇಳಿ ಬಂದ ಪ್ರಜೆಯನ್ನು ಹತ್ತು ಸಲ ಅಲೆಸಿದವರಿಗೆ ಅದರಲ್ಲಿ ಒಂದು ಸಾಲಿನ ಶಿಕ್ಷೆಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಪ್ರತಿಯೊಂದು ಕಚೇರಿಯೂ ತನ್ನ ದಾಖಲೆಗಳಿಗೆ ಪಟ್ಟಿ ಮತ್ತು ಸೂಚಿಯನ್ನು ಸಿದ್ಧಪಡಿಸಿ ಇಟ್ಟಿರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಎಷ್ಟು ಕಚೇರಿಗಳಲ್ಲಿ ಆ ಪಟ್ಟಿ ಇದೆ ಎಂದು ಓದುಗರೇ ತಮ್ಮ ತಾಲೂಕಿನಲ್ಲಿ ಕೇಳಿ ನೋಡಲಿ.

ಇನ್ನು ಹೋಗುವುದೆಲ್ಲಿಗೆ? ರಾಜ್ಯದಲ್ಲಿ ಗ್ರಾಮ ಪಂಚಾಯತು ಗ್ರಂಥಾಲಯಗಳು ಐದು ಸಾವಿರಕ್ಕೂ ಮಿಕ್ಕಿ ಇವೆ. ಅರಿವು ಕೇಂದ್ರಗಳೆಂದು ಅವುಗಳನ್ನು ಈಗ ಕರೆಯಲಾಗುತ್ತದೆ. ಪತ್ರಾಗಾರಕ್ಕೆ ಇದಕ್ಕಿಂತ ಹತ್ತಿರದ ಕಿಟಕಿ ಬೇರೆ ಬೇಕೇ? ಭೂಮಿ ಯೋಜನೆ ಯಶಸ್ವಿಯಾದದ್ದು ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿದ್ದರಿಂದ ಮಾತ್ರವಲ್ಲ. ರೈತನು ತಾಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು, ಗ್ರಾಮ ಲೆಕ್ಕಿಗನ ಮನೆ ಬಾಗಿಲು ಕಾಯದೆ, ತನ್ನ ಪ್ರತಿಯನ್ನು ಪಡೆದುಕೊಂಡು ಹೋದನು, ಅದಕ್ಕೆ. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ಕಟ್ಟುಗಳನ್ನೂ ಸ್ಕ್ಯಾನ್ ಮಾಡುವ ಕಾರ್ಯ ಕೈಗೆತ್ತಿಕೊಳ್ಳಲಾಗಿದೆ. ಪತ್ರಾಗಾರ ಇಲಾಖೆ ಮತ್ತು ಕಂದಾಯ ಇಲಾಖೆಗಳು ಕೂಡಿ ಕುಳಿತು, ಹೆಸರುಗಳ ಸೂಚಿಯನ್ನು ಕನ್ನಡದಲ್ಲಿ ತಯಾರಿಸಿ, ಆ ಗ್ರಂಥಾಲಯಗಳಲ್ಲಿ ಇಡಲಿ. ತಿಂಗಳಿಗೊಮ್ಮೆ ಒಬ್ಬ ಸಿಬ್ಬಂದಿ ಹೋಬಳಿ ಕೇಂದ್ರದಲ್ಲಿ, ಸಂತೆಯ ದಿನ ನೋಡಿ, ಒಂದು ಮೇಜು ಹಾಕಿ ಕುಳಿತುಕೊಳ್ಳಲಿ. ಜನರು ಕೇಳುವ ಪ್ರಶ್ನೆಗಳನ್ನು ಆತ ಬರೆದುಕೊಂಡು ಬಂದರೆ, ಮುಂದಿನ ವರ್ಷ ಯಾವ ಕಟ್ಟನ್ನು ಮೊದಲು ಬಿಚ್ಚಬೇಕೆಂಬುದೂ ಇಲಾಖೆಗೆ ತಿಳಿಯುತ್ತದೆ.

ಸರಕಾರವನ್ನು ಇಷ್ಟೆಲ್ಲ ಕೇಳುವ ನಾವು ನಮ್ಮ ಜಮಾಅತ್‌ಗಳ ಕಪಾಟನ್ನೂ ತೆರೆದು ನೋಡಬೇಕು. ಪ್ರತಿಯೊಂದು ಮೊಹಲ್ಲಾದ ಮಸೀದಿಯಲ್ಲೂ ನಿಕಾಹ್ ಪುಸ್ತಕವಿದೆ, ದಫನದ ಪುಸ್ತಕವಿದೆ, ಆಡಳಿತ ಸಮಿತಿಯ ನಡಾವಳಿಯಿದೆ. ಅರಬೀ ಮಲಯಾಳದಲ್ಲೋ ಉರ್ದುವಿನಲ್ಲೋ ಬರೆದ ಹಳೆಯ ಪುಸ್ತಕಗಳು ಕೆಲವೆಡೆ ಕಂಚಿನ ಬೀಗದೊಳಗೆ ಗೆದ್ದಲಿಗೆ ಆಹಾರವಾಗುತ್ತಿವೆ. ಹೊಸ ಸಮಿತಿ ಅಧಿಕಾರಕ್ಕೆ ಬಂದಾಗ ಹಳೆಯ ಸಮಿತಿಯವರು ಪುಸ್ತಕವನ್ನು ಮನೆಗೊಯ್ದು ಕೊಡದಿರುವ ಚಾಳಿ ನಮ್ಮಲ್ಲಿ ಹೊಸತೇನಲ್ಲ. ವಿಧವೆಯೊಬ್ಬಳು ಗಂಡನ ಪಿಂಚಣಿಗಾಗಿ ನಿಕಾಹಿನ ಪ್ರತಿ ಕೇಳಿದರೆ, ಮನೆಯ ಗಂಡಸರನ್ನು ಕಳುಹಿಸು ಎನ್ನುವವರಿದ್ದಾರೆ. ಆ ಪುಸ್ತಕದಲ್ಲಿ ಆಕೆಯ ಹೆಸರಿದೆ, ಆಕೆಯ ಮಹ್ರಿನ ಮೊತ್ತವಿದೆ. ಆದರೂ ಅದು ಆಕೆಗೆ ಸೇರಿದ್ದಲ್ಲವಂತೆ! ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ವಿಷಯದ ಮೇಲೆಯೇ ಇದೆ ಎಂಬುದನ್ನು ಪ್ರವಚನಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಬರೆದಿಟ್ಟದ್ದನ್ನು ಹಕ್ಕುದಾರರಿಗೆ ತೋರಿಸುವ ವಿಷಯದಲ್ಲಿ ಸರಕಾರಿ ಗುಮಾಸ್ತನಿಗಿಂತ ಉತ್ತಮರೇನೂ ಅಲ್ಲ. ಇಂದು ಪ್ರತಿಯೊಬ್ಬ ಯುವಕನ ಜೇಬಿನಲ್ಲೂ ಛಾಯಾಚಿತ್ರ ತೆಗೆಯುವ ಫೋನ್ ಇದೆ. ಎರಡು ರಜಾದಿನಗಳಲ್ಲಿ ಒಂದು ಜಮಾಅತ್‌ನ ಅರುವತ್ತು ವರ್ಷಗಳ ಪುಸ್ತಕವನ್ನು ಪುಟ ಬಿಡದೆ ತೆಗೆದಿಡಬಹುದು. ಅದರ ಒಂದು ಪ್ರತಿಯನ್ನು ಮಸೀದಿಯ ಹೊರಗೆ, ಹತ್ತಿರದ ಕಾಲೇಜಿನಲ್ಲೋ ವಿಭಾಗೀಯ ಪತ್ರಾಗಾರದಲ್ಲೋ ಇರಿಸಬಹುದು.

ರಾಜ್ಯ ಪತ್ರಾಗಾರವು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ನಾವು ಭೂ ನ್ಯಾಯಮಂಡಳಿಯ ಕಡತಗಳನ್ನೇ ತೋರಿಸುತ್ತೇವೆ. ನಮೂನೆ 7ಕ್ಕೆ ಹೆಬ್ಬೆಟ್ಟು ಒತ್ತಿದ ತಲೆಮಾರು ಬಹುತೇಕ ಮಣ್ಣಾಗಿದೆ. ಅಂದು ತಂದೆಯ ಜೊತೆ ನ್ಯಾಯಮಂಡಳಿಯ ಅಂಗಳದಲ್ಲಿ ನಿಂತಿದ್ದ ಹುಡುಗರಿಗೆ ಈಗ ಅರುವತ್ತು ದಾಟಿದೆ. ಕಡತದಲ್ಲಿ ಬರೀ ಇಂಥವರ ಮಗ, ಇಂಥ ಬಾಳಿಕೆಯವನು ಎಂದಿರುವುದನ್ನು ನೋಡಿ, ಇದು ಯಾವ ಮನೆ, ಈ ಗದ್ದೆ ಈಗ ಎಲ್ಲಿದೆ ಎಂದು ಬೆರಳಿಟ್ಟು ಹೇಳಬಲ್ಲವರು ಅವರು ಮಾತ್ರ.